ಆಡುವವರು ಕಡಿಮೆಯಾದರೂ ಆಟ ಉಳಿಯುವುದು ಹೇಗೆ?

ಪ್ರಶ್ನೆ: ಜನ ಬಿಟ್ಟುಹೋದ ಮೇಲೂ ಕೆಲವು ಆನ್‌ಲೈನ್ ಆಟಗಳು ಹೇಗೆ ನಡೆಯುತ್ತವೆ?

ಇಂಥ ಆಟ ಸಂತೆಯ ಹಾಗೆ, ಜನ ಸೇರಿದರೇ ವ್ಯಾಪಾರ. ಜೊತೆಗಾರರು ಸಿಗದೆ ಕಾದು ಬೇಸತ್ತವನು ಹೊರಟುಹೋಗುತ್ತಾನೆ. ಅವನು ಹೋದದ್ದಕ್ಕೆ ಮುಂದಿನವನು ಇನ್ನಷ್ಟು ಕಾಯಬೇಕು. ಅದಕ್ಕೇ ಆಟದ ಕಂಪನಿಯವರು ಹಲವು ಸರ್ವರ್‌ಗಳನ್ನು ಒಂದು ಮಾಡುತ್ತಾರೆ, ಇಲ್ಲವೇ ಅಭಿಮಾನಿಗಳೇ ಹೊತ್ತು ಗೊತ್ತುಮಾಡಿಕೊಳ್ಳುತ್ತಾರೆ. ನಲವತ್ತು ಮಂದಿ ವಾರವಿಡೀ ಚದುರಿದರೆ ಆಟ ಖಾಲಿ, ಶನಿವಾರ ರಾತ್ರಿ ಒಂಬತ್ತಕ್ಕೆ ಕೂಡಿದರೆ ಭರ್ತಿ. ಹೊಸಬರಿಗೆ ತಾಳ್ಮೆಯಿಂದ ಕಲಿಸುವವರೂ ಬೇಕು. ನನ್ನ ಪ್ರಕಾರ ಕಷ್ಟ ಇರುವುದು ಇಲ್ಲೇ: ಹಳಬರಿಗೆ ಗೆಲ್ಲುವ ಚಟ.

ಕಂಪನಿಯೇ ಸರ್ವರ್ ನಿಲ್ಲಿಸಿದರೆ? ‘ಸಿಟಿ ಆಫ್ ಹೀರೋಸ್’ ಎಂಬ ಆಟ 2012ರಲ್ಲಿ ಹಾಗೆ ನಿಂತಿತು. 2019ರಲ್ಲಿ ಅದರ ಸರ್ವರ್ ಕೋಡ್ ಹೊರಬಿದ್ದಾಗ ಅಭಿಮಾನಿಗಳು ದೇಣಿಗೆ ಕೂಡಿಸಿ ‘ಹೋಮ್‌ಕಮಿಂಗ್’ ಹೆಸರಲ್ಲಿ ಮತ್ತೆ ನಡೆಸಿದರು. 2024ರಲ್ಲಿ ಆಟದ ಒಡೆತನ ಹೊಂದಿದ್ದ ಎನ್‌ಸಿಸಾಫ್ಟ್ ಕಂಪನಿ ಅದಕ್ಕೆ ಅಧಿಕೃತ ಪರವಾನಗಿಯನ್ನೇ ಕೊಟ್ಟಿತು.