ನೆಟ್ ಬಂದಿದೆ, ಒಳಮನೆಗೆ ಬಂದಿಲ್ಲ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆ ಫೈಬರ್ ಸಂಪರ್ಕ ಈಗ ಸುದ್ದಿಯಲ್ಲ. ಕರೆಂಟು ಕಂಬದಿಂದ ಕಂಬಕ್ಕೆ ತೂಗುವ ಕಪ್ಪು ತಂತಿ ಹೋಬಳಿ ಊರುಗಳಲ್ಲೂ ಕಣ್ಣಿಗೆ ಬೀಳುತ್ತದೆ. ಪಹಣಿ ತೆಗೆಯುವುದು, ಸಿಇಟಿ ಕೌನ್ಸೆಲಿಂಗ್‌ನಲ್ಲಿ ಕಾಲೇಜು ಆರಿಸುವುದು, ಬೆಂಗಳೂರಿನ ಕಚೇರಿಯ ಮೀಟಿಂಗನ್ನು ಊರಿನಿಂದಲೇ ಮುಗಿಸುವುದು ಎಲ್ಲಕ್ಕೂ ಆ ತಂತಿಯೇ ಆಧಾರ. ಆದರೆ ಸಂಪರ್ಕ ಬಂದ ಒಂದೆರಡು ತಿಂಗಳಿಗೇ ಮಾತಿನ ಧಾಟಿ ಬದಲಾಗುತ್ತದೆ. ನೂರು ಎಂಬಿ ಅಂದಿದ್ದರು, ರೂಮಿನಲ್ಲಿ ಹತ್ತೂ ಬರಲ್ಲ ಎಂಬ ದೂರು. ಮದ್ದೆಂದು ಜನ ಮಾಡುವುದು ಎರಡೇ: ದೊಡ್ಡ ಪ್ಲಾನಿಗೆ ಹೋಗುವುದು, ಇಲ್ಲವೇ ನಾಲ್ಕು ಕೊಂಬಿನ ಹೊಸ ರೂಟರ್ ತರುವುದು. ಎರಡರಲ್ಲೂ ದುಡ್ಡು ಬಹುಮಟ್ಟಿಗೆ ದಂಡ ಎಂಬುದು ನನ್ನ ವಾದ. ನಾಲೆ ತುಂಬಿ ಹರಿಯುತ್ತಿದ್ದರೂ ಕೊನೆಯ ಗದ್ದೆಗೆ ನೀರು ಮುಟ್ಟದ ಕಥೆ ಮಂಡ್ಯದ ರೈತರಿಗೆ ಹೊಸದಲ್ಲ. ಇಲ್ಲೂ ತೊಡಕಿರುವುದು ನಾಲೆಯಲ್ಲಲ್ಲ, ಕಾಲುವೆಯಲ್ಲಿ. ಅಂದರೆ ಫೈಬರ್ ಮನೆ ಹೊಕ್ಕ ಮೇಲಿನ ಹತ್ತು ಹೆಜ್ಜೆಯಲ್ಲಿ.

ಮೊದಲು ನಾಲೆಯ ಲೆಕ್ಕ ನೋಡೋಣ. ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರಿನಲ್ಲಿ. ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದದ್ದು 2015ರಲ್ಲಿ. ಅಲ್ಲಿಯೂ, ದೊಡ್ಡ ಖಾಸಗಿ ಕಂಪನಿಗಳ ಮನೆ ಸಂಪರ್ಕದಲ್ಲಿಯೂ ಬಳಕೆಯಲ್ಲಿರುವುದು ಹೆಚ್ಚಾಗಿ ಜಿಪಾನ್ ಎಂಬ ತಂತ್ರ. ಆಪರೇಟರ್ ಕಡೆಯ ಓಎಲ್‌ಟಿ ಎಂಬ ಪೆಟ್ಟಿಗೆಯಿಂದ ಹೊರಟ ಒಂದೇ ಎಳೆ ದಾರಿಯಲ್ಲಿ ಸ್ಪ್ಲಿಟರ್ ಹಾದು 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ. ಆ ಎಳೆಯಲ್ಲಿ ಮನೆಗಳ ಕಡೆಗೆ ಸೆಕೆಂಡಿಗೆ 2.488 ಗಿಗಾಬಿಟ್ ಹರಿಯಬಲ್ಲದು. 32 ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೂ ತಲೆಗೆ 77 ಎಂಬಿಪಿಎಸ್ ಸಿಗುತ್ತದೆ, ಮತ್ತು ಎಲ್ಲರೂ ಹಾಗೆ ಒಟ್ಟಿಗೆ ಎಳೆಯುವುದು ಬಲು ಅಪರೂಪ. ಕೆಲವು ಸಣ್ಣ ಕೇಬಲ್ ಆಪರೇಟರುಗಳು ಬಳಸುವ ಈಪಾನ್ ತಂತ್ರದ ಸಾಮರ್ಥ್ಯ ಸುಮಾರು 1 ಗಿಗಾಬಿಟ್; ಅಲ್ಲಿಯೂ ತಲೆಗೆ 31. ಈಗ ಬೇಕಾದದ್ದು ಎಷ್ಟು ನೋಡಿ. ನೆಟ್‌ಫ್ಲಿಕ್ಸ್ ತನ್ನ ಫುಲ್ ಎಚ್‌ಡಿ ಚಿತ್ರಕ್ಕೆ ಕೇಳುವುದು 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15. ಒಳ್ಳೆಯ ವಿಡಿಯೊ ಕರೆಗೆ ಮೂರ್ನಾಲ್ಕು ಸಾಕು. ಐದು ಜನರ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಪರದೆ ಹಿಡಿದು ಕೂತರೂ 40 ಎಂಬಿಪಿಎಸ್ ಪ್ಲಾನು ಏದುಸಿರು ಬಿಡಬೇಕಾಗಿಲ್ಲ. ಹಾಗಿದ್ದೂ ನಡುಮನೆಯಲ್ಲಿ ಕ್ಲಾಸು ನಿಂತು ನಿಂತು ಬರುತ್ತಿದ್ದರೆ, ಕೊರತೆ ಪ್ಲಾನಿನದಲ್ಲ.

ಊಹೆ ಬಿಟ್ಟು ಅಳೆಯುವ ದಾರಿಯೂ ಇದೆ. ಲ್ಯಾಪ್‌ಟಾಪನ್ನು ಈಥರ್ನೆಟ್ ತಂತಿಯಿಂದ ನೇರ ರೂಟರಿಗೆ ಸಿಕ್ಕಿಸಿ ವೇಗ ನೋಡಬೇಕು. ಆಮೇಲೆ ಅದೇ ಕೋಣೆಯಲ್ಲಿ ವೈಫೈ ಮೇಲೆ, ಆಮೇಲೆ ತೊಂದರೆಯ ಕೋಣೆಯಲ್ಲಿ. ತಂತಿಯಲ್ಲಿ 95, ಪಕ್ಕದಲ್ಲಿ 80, ಒಳಕೋಣೆಯಲ್ಲಿ 6 ಬಂದರೆ ತಪ್ಪು ಯಾರದೆಂದು ಯಾರನ್ನೂ ಕೇಳಬೇಕಾಗಿಲ್ಲ. ತಂತಿಯಲ್ಲೇ ಕಡಿಮೆ ಬಂದರೆ, ಅದರಲ್ಲೂ ಮುಂಜಾನೆ ಸರಿಯಿದ್ದು ರಾತ್ರಿ ಎಂಟರ ಹೊತ್ತಿಗೆ ಕುಸಿದರೆ, ಆಪರೇಟರ್ ಮೇಲಿನಿಂದ ಕೊಂಡ ಬ್ಯಾಂಡ್‌ವಿಡ್ತ್ ಸಾಲದಾಗಿದೆ ಎಂದು ಅನುಮಾನಿಸಬಹುದು. ತಪ್ಪೆಲ್ಲ ಗ್ರಾಹಕನದು ಎಂದು ನಾನು ಹೇಳುತ್ತಿಲ್ಲ. ಆದರೆ ಈ ಪರೀಕ್ಷೆ ಇಲ್ಲದೆ ಫೋನ್ ಮಾಡಿದವರಿಗೆ ಬರುವ ಉತ್ತರ ಗೊತ್ತಲ್ಲ: ಒಂದು ಸಲ ಆಫ್ ಮಾಡಿ ಆನ್ ಮಾಡಿ. ತಂತಿಯ ಅಳತೆ ಕೈಯಲ್ಲಿದ್ದರೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಬೆಳಕಿನ ಬಲವನ್ನೂ ತೋರಿಸುತ್ತಾರೆ, ಡಿಬಿಎಂ ಲೆಕ್ಕದಲ್ಲಿ. ಮೈನಸ್ 20ರ ಆಸುಪಾಸು ಇದ್ದರೆ ಕ್ಷೇಮ, ಮೈನಸ್ 27ರತ್ತ ಜಾರಿದರೆ ಸಂಪರ್ಕ ಹೋಗಿ ಬಂದು ಮಾಡುತ್ತದೆ. ಬಾಗಿಲ ಸಂದಿಯಲ್ಲಿ ನಲುಗಿದ, ಮೊಳೆಗೆ ಸುತ್ತಿದ, ಚೂಪಾಗಿ ಮಡಿಸಿದ ಗಾಜಿನ ಎಳೆಯಿಂದ ಬೆಳಕು ಆಚೆ ಸೋರುವುದೇ ಇದಕ್ಕೆ ಹೆಚ್ಚಿನ ಕಾರಣ.

ಇನ್ನು ಕಾಲುವೆಯ ವಿಷಯ. ಈಗಿನ ಸಾಮಾನ್ಯ ರೂಟರು ಎರಡು ಬ್ಯಾಂಡುಗಳಲ್ಲಿ ಮಾತಾಡುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ಗೋಡೆ ದಾಟುತ್ತದೆ, ಆದರೆ ನಿಧಾನ. ಸಾಮಾನ್ಯ ಮನೆಯಲ್ಲಿ 60–70 ಎಂಬಿಪಿಎಸ್ ಕೊಟ್ಟರೆ ಅದೇ ಹೆಚ್ಚು. ಎರಡನೆಯದು ನೂರಾರು ಕೊಡುತ್ತದೆ, ಗೋಡೆಗೆ ಮಾತ್ರ ಬೇಗ ಸೋಲುತ್ತದೆ. ಬಯಲಲ್ಲೇ ಆದರೂ ದೂರ ಎರಡು ಪಟ್ಟಾದರೆ ಸಿಗ್ನಲ್ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನಡುವೆ ಗೋಡೆಗಳು ಬಂದರೆ ಪ್ರತಿ 10 ಡೆಸಿಬೆಲ್ ನಷ್ಟಕ್ಕೂ ಉಳಿಯುವುದು ಹತ್ತರಲ್ಲೊಂದು ಭಾಗ. ನಮ್ಮ ಕಡೆಯ ಮನೆಗಳ ಜಾತಕ ಇಲ್ಲಿ ಮುಖ್ಯ. ಹಳೆಯ ಹೆಂಚಿನ ಮನೆಗಳ ಮಣ್ಣಿನ ಗೋಡೆ ದಪ್ಪ, ಮಳೆಗಾಲದಲ್ಲಿ ತೇವವನ್ನೂ ಹೀರಿಕೊಳ್ಳುತ್ತದೆ. ನೀರು ಈ ತರಂಗಗಳಿಗೆ ವೈರಿ. ಸೈಜುಗಲ್ಲಿನ ಗೋಡೆಯೂ ಹಗುರದ್ದಲ್ಲ. ಆರ್‌ಸಿಸಿ ಮನೆಯಲ್ಲಿ ಗೋಡೆಗಿಂತ ಕಬ್ಬಿಣ ಹೆಣೆದ ಸ್ಲ್ಯಾಬೇ ದೊಡ್ಡ ಅಡ್ಡಿ, ಹಾಗಾಗಿ ಮಹಡಿಯ ಕೋಣೆಗೆ ಸಿಗ್ನಲ್ ಹತ್ತುವುದು ಬಹುಪಾಲು ಮೆಟ್ಟಿಲಿನ ಬಾಯಿಯಿಂದ. ಇಷ್ಟೆಲ್ಲದರ ನಡುವೆ ರೂಟರನ್ನು ಎಲ್ಲಿಡುತ್ತೇವೆ? ತಂತಿ ಒಳಬಂದ ಬಾಗಿಲ ಮೂಲೆಯಲ್ಲಿ, ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕದಲ್ಲಿ. ಅರ್ಧ ಸಿಗ್ನಲ್ ಬೀದಿಗೆ ಹೋಗುತ್ತದೆ; ಜಗಲಿಯಲ್ಲಿ ಕೂತವರಿಗೆ ಫುಲ್ ರೇಂಜು, ಓದುವ ಮಗುವಿಗೆ ಒಂದು ಕಡ್ಡಿ. ತೊಟ್ಟಿಮನೆ ಇದ್ದವರು ಪುಣ್ಯವಂತರು. ತೊಟ್ಟಿಗೆ ಮುಖ ಮಾಡಿದ ಕಂಬಕ್ಕೆ, ಮಳೆ ಎರಚದಷ್ಟು ಒಳಗೆ, ತಲೆಗಿಂತ ಎತ್ತರದಲ್ಲಿ ರೂಟರ್ ಕಟ್ಟಿದರೆ ಗೋಡೆಗಳನ್ನು ಕೊರೆಯದೆ ಬಾಗಿಲುಗಳ ಮೂಲಕವೇ ಎಲ್ಲ ಕೋಣೆಗೂ ತರಂಗ ಇಳಿಯುತ್ತದೆ. ಗಾಳಿ ಬೆಳಕಿಗೆಂದು ಹಿರಿಯರು ಬಿಟ್ಟ ಜಾಗ ಇವತ್ತು ವೈಫೈಗೂ ಒದಗುತ್ತದೆ! ಉಳಿದವರಿಗೆ ನಡುಮನೆಯ ಎತ್ತರದ ತೆರೆದ ಜಾಗವೇ ಸರಿ. ಮಹಡಿ ಇದ್ದರೆ ಮೆಟ್ಟಿಲ ಬುಡ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು, ಬಂದ ಹುಡುಗ ಬಾಗಿಲಲ್ಲೇ ಹಾಕಿ ಹೋದ, ಈಗ ಕದಲಿಸುವುದು ಹೇಗೆ ಎಂಬುದು. ಫೈಬರ್ ಪೆಟ್ಟಿಗೆ ಅಲ್ಲೇ ಇರಲಿ. ಅದರಿಂದ ನಡುಮನೆಗೆ ಒಂದು ಈಥರ್ನೆಟ್ ತಂತಿ ಎಳೆದು ಅಲ್ಲೊಂದು ಸಾಧಾರಣ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ ಕೂರಿಸಬಹುದು. ಆಕ್ಸೆಸ್ ಪಾಯಿಂಟ್ ಮೋಡ್ ಇಲ್ಲದ ರೂಟರಾದರೆ ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಐಪಿ ವಿಳಾಸ ಮೊದಲಿನದಕ್ಕೆ ಡಿಕ್ಕಿ ಹೊಡೆಯದಂತೆ ಬದಲಿಸಿ, ತಂತಿಯನ್ನು ವ್ಯಾನ್ ಬದಲು ಲ್ಯಾನ್ ತೂತಿಗೆ ಸಿಕ್ಕಿಸಬೇಕು; ಇಲ್ಲದಿದ್ದರೆ ಎರಡೂ ಯಜಮಾನಿಕೆಗೆ ನಿಂತು ಪ್ರಿಂಟರು, ಕ್ಯಾಮೆರಾಗಳು ಒಂದನ್ನೊಂದು ಕಾಣದಂತಾಗುತ್ತವೆ. ಎರಡೂ ರೂಟರಿಗೆ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಫೋನು ಬಹುಮಟ್ಟಿಗೆ ತಾನೇ ಹತ್ತಿರದ್ದನ್ನು ಹಿಡಿಯುತ್ತದೆ. ತಂತಿಯ ತಂಟೆ ಬೇಡ, ಅಗ್ಗದ ರಿಪೀಟರ್ ಸಾಕಲ್ಲ ಎನ್ನುವವರಿಗೆ ಹೇಳಬೇಕಾದದ್ದು: ಒಂದೇ ಬ್ಯಾಂಡಿನ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೆ ನುಡಿಯಬೇಕು, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಸಿಗ್ನಲ್ ಸತ್ತ ಕೋಣೆಯಲ್ಲೇ ಅದನ್ನು ಸಿಕ್ಕಿಸಿದರೆ ಇಲ್ಲದ್ದನ್ನು ಎರಡು ಸಲ ಹೇಳಿದಂತೆ. ತಂತಿ ಎಳೆಯಲು ಸಾಧ್ಯವೇ ಇಲ್ಲದ ಮನೆಗೆ ಹಲವು ಪೆಟ್ಟಿಗೆಗಳು ಸೇರಿ ಒಂದೇ ಜಾಲವಾಗುವ ಮೆಶ್ ವ್ಯವಸ್ಥೆ ಪರವಾಗಿಲ್ಲ, ಆದರೆ ಅದೂ ತಂತಿಯ ಬೆಂಬಲ ಸಿಕ್ಕಾಗಲೇ ಚುರುಕು. ಈಥರ್ನೆಟ್ಟಿನ ಮಿತಿ 100 ಮೀಟರ್. ಊರ ಮನೆಯಿಂದ ತೋಟದ ಮನೆಗೆ ಸಂಪರ್ಕ ಬೇಕೆಂದರೆ ಮತ್ತೆ ಫೈಬರನ್ನೇ ಎಳೆಯುವುದು ಮೇಲು. ತಾಮ್ರದ ತಂತಿಯ ಹಾಗೆ ಗಾಜಿನ ಎಳೆ ಸಿಡಿಲಿನ ವಿದ್ಯುತ್ತನ್ನು ಹೊತ್ತು ತರುವುದಿಲ್ಲ. ಲೋಹದ ಆಧಾರ ತಂತಿ ಇಲ್ಲದ ಕೇಬಲ್ ಆರಿಸಬೇಕು ಅಷ್ಟೆ.

ಎರಡನೆಯ ಆಕ್ಷೇಪ ಭಯದ್ದು: ಮನೆ ನಡುವೆ ರೂಟರ್ ಇಟ್ಟರೆ ವಿಕಿರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ರೇಡಿಯೊ ತರಂಗಗಳನ್ನು 2011ರಲ್ಲಿ ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ ವರ್ಗಕ್ಕೆ ಸೇರಿಸಿದ್ದು ನಿಜ. ಅದಕ್ಕೆ ಮುಖ್ಯ ಆಧಾರ ಕಿವಿಗೊತ್ತಿ ಹಿಡಿಯುವ ಮೊಬೈಲುಗಳ ಅಧ್ಯಯನ. ಮನೆಯ ರೂಟರಿನ ಪ್ರಸಾರ ಸಾಮಾನ್ಯವಾಗಿ ವ್ಯಾಟಿನ ಹತ್ತನೇ ಒಂದು ಭಾಗದ ಆಸುಪಾಸು, ಎರಡು ಮೀಟರ್ ದಾಟುವಷ್ಟರಲ್ಲಿ ಅದು ಇನ್ನೂ ಬಲು ಕ್ಷೀಣ. ಸಿಗ್ನಲ್ ಕುಂಟಿದಷ್ಟೂ ಅದೇ ಫೋಟೊ ಕಳಿಸಲು ಕೈಯಲ್ಲಿರುವ ಫೋನೇ ಹೆಚ್ಚು ಹೊತ್ತು ಪ್ರಸಾರ ಮಾಡಬೇಕಾಗುತ್ತದೆ. ಮೂಲೆಗೆ ತಳ್ಳಿ ಗಳಿಸಿದ್ದು ಏನೂ ಇಲ್ಲ.

ಮೂರನೆಯದು ರೂಟರ್ ಅಂಗಡಿಯವರ ವಾದ: ಒಳ್ಳೆಯ ಮಾಲು ಕೊಂಡರೆ ಎಲ್ಲ ಸರಿಹೋಗುತ್ತದೆ. ಒಂದು ಮಟ್ಟಿಗೆ ಒಪ್ಪಬೇಕಾದ ಮಾತು. 2.4 ಬ್ಯಾಂಡ್ ಒಂದೇ ಇರುವ ಹಳೆಯ ರೂಟರಿನ ಮೇಲೆ 300 ಎಂದು ಬರೆದಿದ್ದರೂ, ಅದರ ತಂತಿ ತೂತುಗಳು 100ರವಾದರೆ ಕೈಗೆ ಸಿಗುವುದು ಹೆಚ್ಚೆಂದರೆ 94 ಎಂಬಿಪಿಎಸ್. ಅಂಥದರ ಹಿಂದೆ 200ರ ಪ್ಲಾನು ಹಾಕಿಸಿ ಪ್ರಯೋಜನವಿಲ್ಲ. ಗಿಗಾಬಿಟ್ ತೂತು, ಎರಡು ಬ್ಯಾಂಡು ಇರುವುದನ್ನು ಕೊಳ್ಳಿ, ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಮೇಲಿನ ಬೆಲೆಯ ಕೊಂಬುಗಳು ಕಲ್ಲುಗೋಡೆಯ ಮುಂದೆ ತೋರಿಸುವ ಪೌರುಷ ಅಷ್ಟಕ್ಕಷ್ಟೆ. ಪ್ರಸಾರದ ಬಲಕ್ಕೆ ಮಿತಿ ಇದೆ; ರೂಟರ್ ಕೂಗಿದ್ದು ಫೋನಿಗೆ ಕೇಳಿದರೂ ಫೋನಿನ ಪುಟ್ಟ ಆಂಟೆನಾದ ದನಿ ರೂಟರಿಗೆ ಕೇಳಬೇಕಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗಿನಂಥ ಒತ್ತೊತ್ತಾದ ಬೀದಿಗಳಲ್ಲಿ ನೆರೆಯವರ ರೂಟರುಗಳದೂ ಕಾಟ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಮೂರೇ: 1, 6, 11. ಅಗಲವನ್ನು 20 ಮೆಗಾಹರ್ಟ್ಸಿಗೆ ಇಳಿಸಿ ಆ ಮೂರರಲ್ಲಿ ಗದ್ದಲ ಕಡಿಮೆ ಇರುವುದನ್ನು ಆರಿಸಬೇಕು. 5 ಬ್ಯಾಂಡ್ ಹಿಡಿಯುವ ಫೋನು, ಟಿವಿಗಳನ್ನೆಲ್ಲ ಅತ್ತ ಕಳಿಸಬೇಕು. ಆ ಬ್ಯಾಂಡಿನ ವಿಶಾಲ ಭಾಗವನ್ನು ಕೇಂದ್ರ ಸರ್ಕಾರ 2018ರಲ್ಲಿ ಪರವಾನಗಿ ಮುಕ್ತ ಮಾಡಿದ ಮೇಲೆ ಅಲ್ಲಿ ಜಾಗಕ್ಕೆ ಬರವಿಲ್ಲ. ನಾಗಮಂಗಲ, ಕೆ.ಆರ್. ಪೇಟೆಯ ಒಂಟಿ ಮನೆಗಳಿಗೆ ಈ ತಲೆನೋವು ಕಡಿಮೆ.

ಪಾಸ್‌ವರ್ಡಿನ ಮಾತು ಸಪ್ಪೆ, ಆದರೆ ಬಿಡುವಂತಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶ ಮಾಡಿಕೊಂಡದ್ದು ಕಾರ್ಖಾನೆಯಲ್ಲಿ ಹಾಕಿದ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿ. ವೈಫೈ ಪಾಸ್‌ವರ್ಡ್ ಬೇರೆ, ರೂಟರಿನ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಬೇರೆ. ಎರಡನ್ನೂ ಬದಲಿಸಿ, ವೈಫೈ ಭದ್ರತೆಗೆ ಡಬ್ಲ್ಯುಪಿಎ2 ಅಥವಾ 3 ಆಯ್ದುಕೊಳ್ಳಿ, 2011ರಲ್ಲೇ ಬಿರುಕು ಬಯಲಾದ ಡಬ್ಲ್ಯುಪಿಎಸ್ ಸೌಲಭ್ಯವನ್ನು ಆಫ್ ಮಾಡಿಬಿಡಿ.

ಕೊನೆಗೆ ಕರೆಂಟು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಕಳಿಸಿದ ಜಿಲ್ಲೆಯಲ್ಲಿ ಈಗಲೂ ವಿದ್ಯುತ್ ಕಂಪನಿ ಸೆಸ್ಕ್ ಕೈಕೊಟ್ಟಾಗ ಮೊದಲು ಸಾಯುವುದು ರೂಟರೇ. ಬಹುತೇಕ ಪೆಟ್ಟಿಗೆಗಳು ನಡೆಯುವುದು 12 ವೋಲ್ಟಿನಲ್ಲಿ, ಹಾಗಾಗಿ ಅಂಗೈಯಗಲದ ಪುಟ್ಟ ಯುಪಿಎಸ್ ಕೆಲವು ಗಂಟೆ ಎಳೆಯಬಲ್ಲದು. ಕೊಳ್ಳುವಾಗ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಹೊಂದುತ್ತವೆಯೇ ನೋಡಿದರೆ ಸಾಕು. ದಾರಿಯ ಸ್ಪ್ಲಿಟರಿಗೆ ವಿದ್ಯುತ್ತೇ ಬೇಡ, ಅದು ಬರೀ ಗಾಜು. ಆದರೆ ಆಪರೇಟರ್ ಕಡೆಯ ಓಎಲ್‌ಟಿಗೆ ಬೇಕು. ಕರೆಂಟು ಹೋದೊಡನೆ, ನಿಮ್ಮ ಯುಪಿಎಸ್ ಚಾಲೂ ಇದ್ದರೂ, ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದು ತೋರಿಸುವ ಎಲ್‌ಓಎಸ್ ದೀಪ ಕೆಂಪಾಗಿ, ಕರೆಂಟು ಬಂದಾಗ ತಾನೇ ಸರಿಹೋದರೆ, ಬಹುಶಃ ತಂತಿ ತುಂಡಾಗಿಲ್ಲ, ಅವರ ಬ್ಯಾಟರಿ ಮಲಗಿದೆ. ಪ್ಲಾನಿನ ದರ ಕೇಳುವ ಮೊದಲು ಕೇಬಲ್‌ನವರನ್ನು ಕೇಳಬೇಕಾದದ್ದು ಅದನ್ನೇ: ನಿಮ್ಮ ಕಡೆಯ ಬ್ಯಾಕಪ್ ಎಷ್ಟು ಗಂಟೆ?