ಕೆಲಸ ಬಿಡದೆ ಸೇನಾಧಿಕಾರಿ ಆಗಬಹುದೇ?

ಪ್ರಶ್ನೆ: ನಾನು ಐಟಿ ಉದ್ಯೋಗಿ. ಕೆಲಸ ಬಿಡದೆ ಸೇನೆಯ ಗುಪ್ತಚರ ಅಧಿಕಾರಿಯಾಗಬಹುದೇ?
– ಓದುಗರು, ಹೊಸಕೆರೆಹಳ್ಳಿ

ಉತ್ತರ: ನಿಮಗೆ ಹತ್ತಿರದ ದಾರಿ ಟೆರಿಟೋರಿಯಲ್ ಆರ್ಮಿ, ಅಂದರೆ ಉದ್ಯೋಗಸ್ಥರು ಅರೆಕಾಲಿಕವಾಗಿ ಸೇವೆ ಸಲ್ಲಿಸುವ ಸೇನೆಯ ವಿಭಾಗ. ಆದರೆ ಗುಪ್ತಚರ ಕೆಲಸವೇ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಅಧಿಕಾರಿಗಳು ಹೆಚ್ಚಾಗಿ ಸೇರುವುದು ಪದಾತಿ ದಳಕ್ಕೆ. ಚೀನಾ ಗಡಿಗಾಗಿ ಮ್ಯಾಂಡರಿನ್ ಬಲ್ಲವರನ್ನು ತೆಗೆದುಕೊಂಡದ್ದೂ ಉಂಟು.

ಪದವಿ, 18ರಿಂದ 42ರೊಳಗಿನ ವಯಸ್ಸು, ಸ್ವಂತ ಸಂಪಾದನೆ ಬೇಕು. ಲಿಖಿತ ಪರೀಕ್ಷೆ, ಸಂದರ್ಶನ, ಎಸ್‌ಎಸ್‌ಬಿ (ಸೇವಾ ಆಯ್ಕೆ ಮಂಡಳಿ), ವೈದ್ಯಕೀಯ ತಪಾಸಣೆ ದಾಟಿದರೆ ಲೆಫ್ಟಿನೆಂಟ್. ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ವರ್ಷವರ್ಷವೂ ಎರಡು ತಿಂಗಳ ಶಿಬಿರ, ಜೊತೆಗೆ ಒಮ್ಮೆ ಚೆನ್ನೈನ ಸೇನಾಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ಮೂರು ತಿಂಗಳು.

ಕರೆ ಬಂದರೆ ಗಡಿಗೂ ಹೊರಡಬೇಕು. ಟೆರಿಟೋರಿಯಲ್ ಆರ್ಮಿಯದೇ ಆದ ಬೆಂಗಳೂರಿನ 106 ಪ್ಯಾರಾ ಬೆಟಾಲಿಯನ್ ಜೊತೆ ಕ್ರಿಕೆಟಿಗ ಧೋನಿ 2019ರಲ್ಲಿ ಕಾಶ್ಮೀರದಲ್ಲಿ ಕಾವಲು ಕಾದದ್ದು ನೆನಪಿರಲಿ.