ಅಗೆಯುವ ಮೊದಲು ಕಾಗದ ತೋರಿಸ್ರಿ!

ತಿಮ್ಮಾಪುರದ ಬಸ್ ಸ್ಟಾಪಿನಲ್ಲಿ ಮೊನ್ನೆ ಮುಂಜಾನೆ ಬಸ್ಸಿಗೆ ಕಾಯುತ್ತ ನಿಂತಾಗ, ಮಳೆ-ಬೆಳೆಯ ಮಾತು ತಿರುಗಿ ತಿರುಗಿ ಕಡೆಗೆ ನೀರಿನ ಪೈಪಿಗೆ ಬಂತು. ನಮ್ಮ ಭಾಗದ ಪಟ್ಟಣವೊಂದರಲ್ಲಿ ಕಿರಾಣಿ ಅಂಗಡಿ ಇಟ್ಟ ಹಿರಿಯರೊಬ್ಬರು ತಮ್ಮ ಗೋಳು ತೋಡಿಕೊಂಡರು.

“ಎಂಟ ದಿನದ ಕೆಲಸ ಅಂದ್ರು. ಅಂಗಡಿ ಮುಂದ ತಗ್ಗ ತೋಡಿ ಹೋದಾವ್ರು ಮೂರ ತಿಂಗಳಾತು, ಹೊಳ್ಳಿ ಬಂದಿಲ್ಲ. ಗಿರಾಕಿ ಹಲಗಿ ಮ್ಯಾಲೆ ಸರ್ಕಸ್ ಮಾಡಕೋತ ಬರಬೇಕು. ಉದ್ರಿ ಗಿರಾಕಿ ಸೈತ ಬರವಲ್ರು ನೋಡ್ರಿ!”

ಸುತ್ತ ನಿಂತವರೆಲ್ಲ ನಕ್ಕರು. ಆದರೆ ನಗುವ ಸಂಗತಿ ಇದಲ್ಲ. ನೀರು ಬೇಡ ಎಂದು ಯಾರೂ ಅನ್ನುವುದಿಲ್ಲ. ಪೈಪು ಬೇಕು, ಅದಕ್ಕೆ ರಸ್ತೆ ಅಗೆಯಲೂ ಬೇಕು. ಅಗೆಯುವ ಮೊದಲು ಆಗಬೇಕಾದ ಕಾಗದದ ಕೆಲಸ ಆಗಿತ್ತೋ ಇಲ್ಲವೋ, ಅದೇ ಪ್ರಶ್ನೆ.

ಮೊದಲು ಕಾಗದ, ಆಮೇಲೆ ಗುದ್ದಲಿ

ಪಟ್ಟಣದ ನೀರಿನ ಯೋಜನೆ ಎಂದರೆ ಒಮ್ಮೆಲೆ ಜೆಸಿಬಿ ತಂದು ನಿಲ್ಲಿಸುವುದಲ್ಲ. ಹೊಳೆಯಿಂದ ಎಷ್ಟು ನೀರು ಎತ್ತಬೇಕು, ಟಾಕಿ ಎಲ್ಲಿ, ಯಾವ ಓಣಿಗೆ ಎಷ್ಟು ದಪ್ಪದ ಪೈಪು ಎಂದು ಮೊದಲು ಸರ್ವೆ ಆಗಬೇಕು. ಒಳಚರಂಡಿ ಇದ್ದ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದ ಊರಿಗೆ 70 ಲೀಟರ್ ಎಂಬುದು ಕೇಂದ್ರದ 1999ರ ಕೈಪಿಡಿಯ ಅಳತೆಯಾಗಿತ್ತು. ಆ ಲೆಕ್ಕದ ಮೇಲೆ ಯೋಜನಾ ವರದಿ, ತಾಂತ್ರಿಕ ಮಂಜೂರಾತಿ, ಆಡಳಿತದ ಒಪ್ಪಿಗೆ, ನಂತರ ಟೆಂಡರ್. ಪಟ್ಟಣಗಳ ಇಂಥ ದೊಡ್ಡ ಕೆಲಸಗಳನ್ನು ಸಾಮಾನ್ಯವಾಗಿ ಮಾಡಿಸುವುದು 1973ರ ಕಾಯ್ದೆಯಿಂದ ಹುಟ್ಟಿದ ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ.

ಇಷ್ಟಾದರೂ ಗುದ್ದಲಿ ಹಾಕುವಂತಿಲ್ಲ. ನೆಲ ಒಂದೇ ಕಂಡರೂ ಒಡೆಯರು ಹಲವರು. ಓಣಿಯ ರಸ್ತೆ ಪುರಸಭೆಯದು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ರಾಷ್ಟ್ರೀಯ ಹೆದ್ದಾರಿಗೆ 2002ರ ಕಾಯ್ದೆಯ ಪ್ರಕಾರ ಬೇರೆಯೇ ಅನುಮತಿ ಬೇಕು. ಘಟಪ್ರಭಾ ಕಾಲುವೆ ದಾಟಬೇಕಾದರೆ ನೀರಾವರಿಯವರನ್ನು ಕೇಳಬೇಕು. ಹೆಸ್ಕಾಂ ಕಂಬ ಅಡ್ಡ ಬಂದರೆ ಅವರ ಬಾಗಿಲು ತಟ್ಟಬೇಕು. 2010-11ರಲ್ಲಿ ಮಂಜೂರಾದ ಬಾಗಲಕೋಟೆ-ಕುಡಚಿ ರೈಲು ಮಾರ್ಗದ ಹಳಿಯ ಕೆಳಗೆ ಪೈಪು ಹಾಯಿಸುವುದಿದ್ದರೆ ರೈಲ್ವೆಯ ಒಪ್ಪಿಗೆ ಇಲ್ಲದೆ ನಡೆಯದು.

ಇದರಲ್ಲಿ ಒಂದು ಕಾಗದ ಹಿಂದೆ ಬಿದ್ದರೂ ಸಾಕು, ಅರ್ಧ ಓಣಿ ಅಗೆದು ಕೆಲಸ ನಿಲ್ಲುತ್ತದೆ. ಗುತ್ತಿಗೆದಾರ ಯಂತ್ರ ಎತ್ತಿಕೊಂಡು ಮತ್ತೊಂದು ಊರಿಗೆ ಹೋಗುತ್ತಾನೆ. ತಗ್ಗು ಅಂಗಡಿಕಾರನ ಪಾಲಿಗೆ ಉಳಿಯುತ್ತದೆ.

ಮಣ್ಣೊಳಗಿನ ಲೆಕ್ಕ

ಪೈಪಿನ ಮೇಲೆ ಒಂದು ಮೀಟರಿನಷ್ಟು ಮಣ್ಣು ಇರಬೇಕು, ಇಲ್ಲದಿದ್ದರೆ ಕಬ್ಬಿನ ಟ್ರ್ಯಾಕ್ಟರಿನ ಭಾರಕ್ಕೆ ಒಡೆಯುತ್ತದೆ. ಕೊಳಚೆ ಸಾಲಿನಿಂದ ಮೂರು ಮೀಟರ್ ದೂರ ಇರಬೇಕು. ಅಡ್ಡ ದಾಟುವಲ್ಲಿ ನೀರಿನ ಪೈಪು ಮೇಲೆ, ಕೊಳಚೆ ಅರ್ಧ ಮೀಟರ್ ಕೆಳಗೆ. ಇದರ ಕಾರಣ ಸರಳ. ನಮ್ಮ ಊರುಗಳಲ್ಲಿ ನಳಕ್ಕೆ ನೀರು ಬರುವುದು ದಿನ ಬಿಟ್ಟು ದಿನ. ಪೈಪು ಖಾಲಿ ಇದ್ದಾಗ ಸಂದಿನಲ್ಲಿ ಸೋರಿಕೆ ಇದ್ದರೆ ಹೊರಗಿನ ಗಟಾರದ ನೀರು ಒಳಗೆ ಹೊಗುತ್ತದೆ. ಮರುದಿನ ಅದೇ ಕೊಡ ತುಂಬುತ್ತದೆ, ಮನೆಯ ಮಕ್ಕಳಿಗೆ ವಾಂತಿ-ಭೇದಿ.

ಎರಿ ಭೂಮಿಯ ಸ್ವಭಾವವೂ ಬೇರೆ. ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಬಿರಿಯುತ್ತದೆ. ಕೆಳಗೆ ಮರಳು ಹಾಸದೆ ಪೈಪು ಇಟ್ಟರೆ ಸಂದು ಬಿಡುತ್ತದೆ. ಮಣ್ಣು ಮುಚ್ಚುವ ಮೊದಲು ಒತ್ತಡ ಕೊಟ್ಟು ಪರೀಕ್ಷೆ ಮಾಡಬೇಕು. ಮುಚ್ಚಿದ ಮೇಲೆ ಸೋರಿದರೆ ಮತ್ತೆ ಅದೇ ರಸ್ತೆ, ಮತ್ತೆ ಅದೇ ತಗ್ಗು.

ಹುಬ್ಬಳ್ಳಿಯ ಪಾಠ

ದೂರ ಯಾಕೆ? ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಿಗೆ ದಿನವಿಡೀ ನೀರು ಕೊಡುವ ಯೋಜನೆಗೆ 2004ರಲ್ಲಿ ವಿಶ್ವಬ್ಯಾಂಕಿನ ಸಾಲ ಮಂಜೂರಾಯಿತು. ಸುಮಾರು 25,000 ನಳಗಳಿಗೆ ಇಪ್ಪತ್ತನಾಲ್ಕು ತಾಸು ನೀರು ಬಂದದ್ದು 2008ರಲ್ಲಿ. ನಾಲ್ಕು ವರ್ಷ ಹಿಡಿಯಿತು. ಅಲ್ಲಿ ಹಳೇ ಪೈಪಿಗೆ ತೇಪೆ ಹಚ್ಚಲಿಲ್ಲ, ಮನೆ ನಳದ ತನಕ ಹೊಸ ಜಾಲ ಹಾಕಿದರು. ಅದನ್ನು ಮಾಡಿಸಿದ ಕಂಪನಿಯೇ ಎರಡು ವರ್ಷ ನಡೆಸಿ ಕೊಡಬೇಕೆಂಬ ಕರಾರೂ ಇತ್ತು. ನಾಳೆ ಜವಾಬು ಕೊಡುವವನು ತಾನೇ ಎಂದು ಗೊತ್ತಿದ್ದವನು ಇಂದು ಕೈ ಬಿಗಿ ಹಿಡಿದು ಕೆಲಸ ಮಾಡುತ್ತಾನೆ.

ನಾವು ಏನು ಕೇಳಬೇಕು?

ಯಂತ್ರ ಅಂಗಡಿ ಮುಂದೆ ಬಂದು ನಿಂತಾಗ ಜಗಳ ಬೇಡ. ನಾಲ್ಕೇ ಮಾತು ಕೇಳಿ. ಅಗೆತದ ಪರವಾನಗಿ ಎಲ್ಲಿ? ಶುರು ಎಂದು, ಮುಗಿಯುವುದು ಎಂದು? ರಸ್ತೆ ಮತ್ತೆ ಮಾಡಲು ಹಣ ಠೇವಣಿ ಇಟ್ಟಿದ್ದು ಎಷ್ಟು? ಪೈಪು ಪರೀಕ್ಷೆ ಮಾಡುವವರು ಯಾರು? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಜವಾಬು ಕೊಡಲೇಬೇಕು. ಅಗೆಯುವವರು ಕೇಬಲ್, ಪೈಪಿನ ಮಾಲೀಕರಿಗೆ ಮುಂಚೆಯೇ ತಿಳಿಸಲೆಂದು ಕೇಂದ್ರ ಸರಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪನ್ನೂ ತಂದಿದೆ. ಅದರಲ್ಲಿ ತಿಳಿಸಿದ್ದೀರೇನು ಎಂದೂ ಕೇಳಿ.

“ನಮ್ಮ ಮಾತು ಯಾರ ಕೇಳತಾರ್ರಿ?” ಎಂದರು ಆ ಹಿರಿಯರು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯನ್ನು ನೆನೆಸಿರಿ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ನೆಲ ಇದು. ಹೊಳೆಗೇ ಒಡ್ಡು ಹಾಕಿದ ಜನ ಒಂದು ಕಾಗದ ತೋರಿಸ್ರಿ ಎಂದು ಕೇಳಲು ಅಂಜುವುದೇ?

ಅಷ್ಟರಲ್ಲಿ ಬಸ್ಸು ಬಂತು. ಹಿರಿಯರು ಹತ್ತುತ್ತ ಅಂದರು: “ಹಂಗಾದ್ರ ನಾಳೆ ಹತ್ತ ರೂಪಾಯಿ ಖರ್ಚ ಮಾಡೇ ಬಿಡತೀನ್ರಿ.”

ತಗ್ಗು ತೋಡಿದವರು ಮುಚ್ಚಿ ಕೊಡುವರೇ? ಸಂಬಂಧಪಟ್ಟವರು ಇತ್ತ ಲಕ್ಷ್ಯ ಕೊಡಲಿ.